ಬೆಂಕೀಪುರದ ನಕ್ಷೆ

ಇಂದು ಪದವಿ ಪಡೆಯುತ್ತಿರುವ ಪ್ರೀತಿಯ ವಿದ್ಯಾರ್ಥಿಗಳೇ, ಅವರನ್ನು ಇಲ್ಲಿಯವರೆಗೆ ತಲುಪಿಸಿ ಈಗ ಹಿಂದಿನ ಸಾಲಿನಲ್ಲಿ ಸುಮ್ಮನೆ ಕೂತಿರುವ ತಂದೆತಾಯಂದಿರೇ,

ನಾನು ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸ್‌ನಲ್ಲಿ ಬೆಳೆದವನು. ನಮ್ಮ ಮನೆಯಲ್ಲಿ ಗಡಿಯಾರವಿತ್ತು, ಆದರೆ ಅದನ್ನು ಯಾರೂ ನಂಬುತ್ತಿರಲಿಲ್ಲ. ಐರನ್ ಫ್ಯಾಕ್ಟರಿಯ ಸೈರನ್ ಕೂಗಿದರೆ ಅಮ್ಮ ಅನ್ನಕ್ಕೆ ಎಸರಿಡುತ್ತಿದ್ದಳು, ಅಪ್ಪ ಸೈಕಲ್ ಹೊರತೆಗೆಯುತ್ತಿದ್ದರು. ಇಡೀ ಊರೇ ಆ ಕೂಗಿನ ಲೆಕ್ಕದಲ್ಲಿ ಉಣ್ಣುತ್ತಿತ್ತು, ಮಲಗುತ್ತಿತ್ತು. ಇಂದು ಬೆಳಿಗ್ಗೆ ಅದೇ ಊರಿನ ಮೇಲೆ ಹಾದು ಶಂಕರಘಟ್ಟದ ಈ ವಿಶ್ವವಿದ್ಯಾಲಯಕ್ಕೆ ಬಂದೆ. ನಿಮಗೆ ಹೇಳಬೇಕಾದ ಮಾತು ದಾರಿಯಲ್ಲೇ ಸಿಕ್ಕಿತು.

ಭದ್ರಾವತಿಯ ಹಳೆಯ ಹೆಸರು ಬೆಂಕೀಪುರ. 1918ರಲ್ಲಿ ಭದ್ರಾ ನದಿಯ ದಡದಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸ ಆರಂಭವಾಯಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಕಟ್ಟಿಗೆಯನ್ನು ಸುಟ್ಟು ಮಾಡಿದ ಇದ್ದಿಲು, ಇವೆರಡನ್ನು ನಂಬಿ ಊದುಕುಲುಮೆ ಎದ್ದಿತು. 1923ರಲ್ಲಿ ಕಬ್ಬಿಣ ಹರಿಯಿತು. ಅದೇ ವರ್ಷ ಸರ್ ಎಂ. ವಿಶ್ವೇಶ್ವರಯ್ಯನವರು ಕಾರ್ಖಾನೆಯ ಹೊಣೆ ಹೊತ್ತು, ನಷ್ಟದಲ್ಲಿದ್ದ ಉದ್ಯಮವನ್ನು 1929ರವರೆಗೆ ನಡೆಸಿ ದಡ ಸೇರಿಸಿದರು. 1936ರಲ್ಲಿ ಕಾಗದದ ಕಾರ್ಖಾನೆ ಹುಟ್ಟಿತು. ಕಾರ್ಖಾನೆ ಬಂದ ಮೇಲೆ ಜನ ಬಂದರು. ಬಂದವರಿಗೆ ಊರು ಬೇಕಾಯಿತು.

ಆ ಊರಿನ ನಕ್ಷೆ ಬರೆಯಲು ಕೂತವನು ಬರ್ಲಿನ್ನಿನವನು. ಹೆಸರು ಆಟೊ ಕೋನಿಗ್ಸ್‌ಬರ್ಗರ್. 1908ರಲ್ಲಿ ಹುಟ್ಟಿದ ಯಹೂದಿ ಮೂಲದ ವಾಸ್ತುಶಿಲ್ಪಿ. 1933ರಲ್ಲಿ ಹಿಟ್ಲರನ ಆಡಳಿತ ಬಂದಾಗ ಸ್ವಂತ ದೇಶದಲ್ಲಿ ಅವನಿಗೆ ಜಾಗ ಇಲ್ಲವಾಯಿತು. ಈಜಿಪ್ಟಿಗೆ ಹೋದ, ಅಲ್ಲಿಂದ 1939ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ. ಆಗ ಮಿರ್ಜಾ ಇಸ್ಮಾಯಿಲ್ ದಿವಾನರು. ಸ್ವಂತ ಊರು ಕಳೆದುಕೊಂಡವನು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿ ಇತರರಿಗೆ ಊರು ಕಟ್ಟುವ ಕೆಲಸ ಹಿಡಿದ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆಲವು ಕಟ್ಟಡಗಳು ಅವನವೇ. ಜಮ್ಶೆಡ್‌ಪುರಕ್ಕೆ, ಆಮೇಲೆ ಭುವನೇಶ್ವರಕ್ಕೆ ನಕ್ಷೆ ಬರೆದ. ನಮ್ಮ ಭದ್ರಾವತಿಗೂ ಒಂದು ಹೊಸ ನಗರದ ನಕ್ಷೆ ಬರೆದ.

ಅವನ ನಗರ ಯೋಜನೆಗಳ ತಿರುಳು ಸರಳವಾದದ್ದು. ಊರನ್ನು ಸಣ್ಣ ಸಣ್ಣ ನೆರೆಹೊರೆಗಳಾಗಿ ಒಡೆಯಬೇಕು. ಪ್ರತಿ ನೆರೆಹೊರೆಯ ನಡುವೆ ಶಾಲೆ ಇರಬೇಕು, ಹತ್ತಿರದಲ್ಲೇ ಅಂಗಡಿ, ಆಟದ ಬಯಲು ಇರಬೇಕು. ಮಗು ದೊಡ್ಡ ರಸ್ತೆ ದಾಟದೆ ಶಾಲೆಗೆ ನಡೆದು ಹೋಗಬೇಕು. ಗಾಳಿ ಯಾವ ಕಡೆಯಿಂದ ಬೀಸುತ್ತದೆ, ಬಿಸಿಲು ಯಾವ ಗೋಡೆಗೆ ಬಡಿಯುತ್ತದೆ ಎಂದು ನೋಡಿ ಮನೆ ಕೂರಿಸಬೇಕು. ಎಂಬತ್ತು ವರ್ಷದ ಹಿಂದೆ ಇಷ್ಟನ್ನು ಕೂಲಿ ಕಾರ್ಮಿಕರ ಮನೆಗಳಿಗಾಗಿ ಯೋಚಿಸುವುದೇ ಒಂದು ಪ್ರಯೋಗವಾಗಿತ್ತು.

ಆ ನಕ್ಷೆಯಲ್ಲಿದ್ದಂತೆ ಊರು ಪೂರ್ತಿ ಏಳಲಿಲ್ಲ. ಹಳೇನಗರ, ನ್ಯೂಟೌನ್, ಪೇಪರ್‌ಟೌನ್ ಎಂದು ಭದ್ರಾವತಿ ತನ್ನಷ್ಟಕ್ಕೆ ಮೂರು ಊರಾಗಿ ಬೆಳೆಯಿತು. ಕ್ವಾರ್ಟರ್ಸ್ ಕಟ್ಟಿದವರು ಯಾರೇ ಇರಲಿ, ಒಳಗೆ ಬದುಕಿದವರು ಅದನ್ನು ಮತ್ತೆ ಕಟ್ಟಿಕೊಂಡರು. ನಮ್ಮ ಮನೆಯನ್ನೇ ನೋಡಿ. ಮುಂದಿನ ಜಗಲಿಗೆ ಅಪ್ಪ ತಗಡು ಹೊದಿಸಿದರು, ಏಕೆಂದರೆ ಮಲೆನಾಡಿನ ಮಳೆ ಓರೆಯಾಗಿ ಬರುತ್ತದೆ. ಹಿತ್ತಿಲಲ್ಲಿ ಬಚ್ಚಲ ಹಂಡೆಗೆ ಒಲೆ ಹೂಡಿದರು. ಪಕ್ಕದ ಮನೆಯ ತಮಿಳು ಮಾತಾಡುವ ಅಜ್ಜಿ ಹಿತ್ತಿಲ ಬೇಲಿಯಲ್ಲಿ ಒಂದು ಕಿಂಡಿ ಮಾಡಿಸಿದರು, ನುಗ್ಗೆಸೊಪ್ಪು ಆ ಕಡೆಯಿಂದ ಬರಲು, ಮಜ್ಜಿಗೆ ಈ ಕಡೆಯಿಂದ ಹೋಗಲು. ನೆರೆಹೊರೆ ಎಂದರೆ ಏನೆಂದು ನನಗೆ ಮೊದಲು ಕಲಿಸಿದ್ದು ಆ ಕಿಂಡಿ.

ಊರನ್ನು ಕಟ್ಟಿಕೊಳ್ಳುವವರು ಅಲ್ಲಿ ಬದುಕುವವರೇ ಎಂಬ ಈ ಮಾತಿಗೆ ದೂರದ ಒಂದು ಕತೆ. 1966ರಲ್ಲಿ ಅಮೆರಿಕದ ವಾಲ್ಟ್ ಡಿಸ್ನಿ ಫ್ಲಾರಿಡಾದಲ್ಲಿ ಎಪ್ಕಾಟ್ ಎಂಬ ಪ್ರಯೋಗ ನಗರದ ಯೋಜನೆ ಮುಂದಿಟ್ಟ. ಇಪ್ಪತ್ತು ಸಾವಿರ ಜನ ಇರಬೇಕಾದ ಊರು. ಆದರೆ ಅಲ್ಲಿ ಯಾರಿಗೂ ಸ್ವಂತ ಜಮೀನಿಲ್ಲ, ಊರಿನ ಆಡಳಿತದಲ್ಲಿ ನಿವಾಸಿಗಳ ಮತಕ್ಕೆ ಹಿಡಿತವಿಲ್ಲ. ಆ ವರ್ಷದ ಡಿಸೆಂಬರಿನಲ್ಲೇ ಅವನು ತೀರಿಕೊಂಡ. ಊರು ಏಳಲಿಲ್ಲ. 1982ರಲ್ಲಿ ಅದೇ ಹೆಸರಿನಲ್ಲಿ ಟಿಕೆಟ್ ಕೊಟ್ಟು ನೋಡುವ ವಿನೋದವನ ತೆರೆಯಿತು. ಊರು ಎಲ್ಲಿರಬೇಕು, ಹೇಗಿರಬೇಕು ಎಂಬುದೆಲ್ಲ ಒಬ್ಬನ ತಲೆಯಲ್ಲೇ ಇತ್ತು. ಅವನು ಹೋದ ಮೇಲೆ ಅದನ್ನು ತಮ್ಮದೆಂದು ಕೈಗೆತ್ತಿಕೊಳ್ಳಲು ಜನರೇ ಇರಲಿಲ್ಲ.

ಕೋನಿಗ್ಸ್‌ಬರ್ಗರನಿಗೂ ಪೆಟ್ಟು ಬಿತ್ತು. ಸ್ವಾತಂತ್ರ್ಯ ಬಂದ ಮೇಲೆ ದಿಲ್ಲಿಯಲ್ಲಿ ಕೇಂದ್ರ ಸರ್ಕಾರದ ವಸತಿ ನಿರ್ದೇಶಕನಾದ. ಕಾರ್ಖಾನೆಯಲ್ಲಿ ಸಿದ್ಧಪಡಿಸಿದ ಗೋಡೆ ಜೋಡಿಸಿ ನಿರಾಶ್ರಿತರಿಗೆ ಬೇಗ ಮನೆ ಕೊಡುವ ಯೋಜನೆ ಕೈಕೊಟ್ಟಿತು. 1951ರಲ್ಲಿ ದೇಶ ಬಿಟ್ಟು ಲಂಡನ್ನಿಗೆ ಹೋದ. ಆದರೆ ಅಲ್ಲಿ ಮೇಷ್ಟರಾದ. ಏಷ್ಯಾ, ಆಫ್ರಿಕಾಗಳಿಂದ ಬಂದ ವಿದ್ಯಾರ್ಥಿಗಳಿಗೆ ಅವನು ಕಲಿಸಿದ್ದು ಇದನ್ನೇ: ಮಹಾಯೋಜನೆ ಮುಗಿಯುವಷ್ಟರಲ್ಲಿ ಊರು ಅದನ್ನು ದಾಟಿ ಹೋಗಿರುತ್ತದೆ, ಆದ್ದರಿಂದ ಸಣ್ಣದಾಗಿ ಆರಂಭಿಸಿ, ಮಾಡುತ್ತಾ ನೋಡಿ, ತಪ್ಪಿದ್ದನ್ನು ತಿದ್ದಿ. ತನ್ನ ಸೋಲನ್ನೇ ಪಾಠ ಮಾಡಿ ಹೇಳುವ ಮೇಷ್ಟರು ಅಪರೂಪ. ನಿಮಗೆ ಇಲ್ಲಿ ಅಂಥ ಒಬ್ಬರಾದರೂ ಸಿಕ್ಕಿದ್ದರೆ ನೀವು ಪುಣ್ಯವಂತರು.

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ. ಭದ್ರಾವತಿಗೆ ಯಾರೇ ಕನಸು ಕಾಣಲಿ, ಎಲ್ಲರೂ ಕಾರ್ಖಾನೆಯ ಗೇಟು ಸದಾ ತೆರೆದೇ ಇರುತ್ತದೆ ಎಂದು ನಂಬಿದ್ದರು. ಕಾಗದದ ಕಾರ್ಖಾನೆಯ ಯಂತ್ರಗಳು ಸುಮಾರು ಹತ್ತು ವರ್ಷದ ಹಿಂದೆ ನಿಂತವು. ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರಲ್ಲಿ ಬಂದಾಗ ಕಾರ್ಮಿಕರು ಬೀದಿಗಿಳಿದರು. ಆಮೇಲೆ ಒಂದಿಷ್ಟು ಕೆಲಸ ಮತ್ತೆ ಚಾಲೂ ಆಯಿತು. ಶಾಲೆ ಎಲ್ಲಿರಬೇಕು, ಮರ ಎಲ್ಲಿರಬೇಕು ಎಂದು ನಕ್ಷೆ ಹೇಳಬಲ್ಲದು. ಅನ್ನ ಹುಟ್ಟುವ ಜಾಗ ಒಂದೇ ಇದ್ದರೆ ಏನಾಗುತ್ತದೆ ಎಂದು ಕೇಳಬೇಕಾದವರು ಅಲ್ಲಿ ಬದುಕುವವರೇ. ನಮ್ಮ ಅಪ್ಪಂದಿರನ್ನು ಯಾರೂ ಕೇಳಲಿಲ್ಲ. ಅವರೂ ಬಾಯಿಬಿಟ್ಟು ಕೇಳಲಿಲ್ಲ. ದೊಡ್ಡವರು ಎಲ್ಲ ಯೋಚಿಸಿರುತ್ತಾರೆ ಎಂದುಕೊಂಡರು.

ನಿಮಗೆ ಆ ನೆವ ಇಲ್ಲ. ನಿಮ್ಮಲ್ಲಿ ಅನೇಕರು ನಿಮ್ಮ ಮನೆಯ ಮೊದಲ ಪದವೀಧರರು. ನಾಳೆ ನಿಮ್ಮೂರಿಗೆ ಯಾರೋ ಒಂದು ಯೋಜನೆ ತರುತ್ತಾರೆ. ರಸ್ತೆಯೋ, ಬಡಾವಣೆಯೋ, ಕಾರ್ಖಾನೆಯೋ. ಬೇಡ ಎನ್ನುವುದೂ ಸುಲಭ, ಜೈ ಎನ್ನುವುದೂ ಸುಲಭ. ಓದುವುದು ಕಷ್ಟ. ಕರ್ನಾಟಕದಲ್ಲಿ 1961ರ ಕಾಯ್ದೆಯಡಿ ಊರಿನ ಮಹಾಯೋಜನೆಯ ಕರಡನ್ನು ಅಂತಿಮಗೊಳಿಸುವ ಮೊದಲು ಸಾರ್ವಜನಿಕರ ಆಕ್ಷೇಪಣೆ ಕರೆಯಬೇಕು. ಶಿವಮೊಗ್ಗ-ಭದ್ರಾವತಿ ನಗರಾಭಿವೃದ್ಧಿ ಪ್ರಾಧಿಕಾರದ ಪ್ರಕಟಣೆ ಪತ್ರಿಕೆಯ ಮೂಲೆಯಲ್ಲಿ ಬಂದರೆ ಪುಟ ತಿರುಗಿಸಬೇಡಿ. ಹೋಗಿ ನಕ್ಷೆ ನೋಡಿ. ನಿಮ್ಮ ಬೀದಿ ಎಲ್ಲಿದೆ, ಕೆರೆ ಎಲ್ಲಿದೆ, ಶಾಲೆಗೆ ಮಗು ಯಾವ ರಸ್ತೆ ದಾಟಬೇಕು ಎಂದು ಹುಡುಕಿ. ಕನ್ನಡದಲ್ಲೇ ಒಂದು ಪುಟ ಬರೆದು ಕೊಡಿ, ಸ್ವೀಕೃತಿಯ ಸೀಲು ಹಾಕಿಸಿಕೊಂಡು ಬನ್ನಿ.

ಇಂದು ನಿಮ್ಮ ಕೈಗೆ ಬಂದಿರುವ ಪ್ರಮಾಣಪತ್ರವನ್ನು ಚೌಕಟ್ಟು ಹಾಕಿಸಿ ಮನೆಯ ಗೋಡೆಗೆ ನೇತುಹಾಕುತ್ತೀರಿ. ಹಾಕಿ, ಅಪ್ಪ ಅಮ್ಮನಿಗೆ ಸಂತೋಷವಾಗಲಿ. ಸೀಲು ಬಿದ್ದ ಆ ಒಂದು ಪುಟವನ್ನೂ ಅದರ ಪಕ್ಕದಲ್ಲಿ ಇಡುವಂತಾಗಲಿ.