ಹದಿಹರೆಯ ಮತ್ತು ಮನೆಯ ಮಾತು

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?’ ಎಂಬ ಗಾದೆಯನ್ನು ಮಕ್ಕಳ ಶಿಸ್ತಿನ ಮಾತು ಬಂದಾಗಲೆಲ್ಲ ನಾವು ಉದ್ಧರಿಸುತ್ತೇವೆ. ಹದಿನಾರು ತುಂಬಿದ ಮಗನನ್ನು ಮಿತ್ರನಂತೆ ಕಾಣಬೇಕೆಂಬ ಹಿರಿಯರ ಇನ್ನೊಂದು ಮಾತನ್ನು ಅಷ್ಟಾಗಿ ನೆನೆಯುವುದಿಲ್ಲ. ಮಗಳಿಗೂ ಸಲ್ಲಬೇಕಾದ ಆ ಮಾತಿನಲ್ಲಿ ಹದಿಹರೆಯದ ಮನಸ್ಸಿನ ತಿಳಿವಳಿಕೆಯಿದೆ.

‘ನಾನು ಯಾರು?’ ಎಂಬ ಪ್ರಶ್ನೆಗೆ ಉತ್ತರ ಹುಡುಕುವುದೇ ಈ ವಯಸ್ಸಿನ ಮುಖ್ಯ ಕಾರ್ಯವೆಂದು ಎರಿಕ್ ಎರಿಕ್‌ಸನ್ 1950ರಲ್ಲಿಯೇ ಪ್ರತಿಪಾದಿಸಿದರು. ಅಮೆರಿಕದ ಡಯಾನಾ ಬಾಮ್‌ರಿಂಡ್ 1960ರ ದಶಕದಲ್ಲಿ ಪಾಲನೆಯ ಮೂರು ಬಗೆಗಳನ್ನು ಗುರುತಿಸಿದರು. ಆಜ್ಞೆಯೊಂದನ್ನೇ ನೆಚ್ಚುವುದು ಒಂದು. ಸಲುಗೆಯೊಂದನ್ನೇ ನೆಚ್ಚುವುದು ಇನ್ನೊಂದು. ಕಟ್ಟುಪಾಡು ವಿಧಿಸಿ, ಅದರ ಕಾರಣವನ್ನೂ ತಿಳಿಸಿ, ಮಕ್ಕಳ ಮಾತಿಗೆ ಕಿವಿಗೊಡುವುದು ಮತ್ತೊಂದು. ಬರಿಯ ಆಜ್ಞೆಯಲ್ಲಿ ಬೆಳೆದವರಿಗೆ ಆತ್ಮವಿಶ್ವಾಸವೂ ಬರಿಯ ಸಲುಗೆಯಲ್ಲಿ ಬೆಳೆದವರಿಗೆ ಸಂಯಮವೂ ಕಡಮೆಯಾಗುವುದನ್ನು ಮುಂದಿನ ಅನೇಕ ಅಧ್ಯಯನಗಳು ಕಂಡಿವೆ.

ಆದರೆ ಆ ವಿಂಗಡಣೆ ಅಲ್ಲಿಯ ಮನೆಗಳನ್ನು ನೋಡಿ ಮಾಡಿದ್ದು. ನಮ್ಮ ಬೀದರ ಸೀಮೆಯ ತಂದೆಯ ಬಿಗುವಿಗೆ ಬೇರೊಂದು ಚರಿತ್ರೆಯಿದೆ. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಈ ನೆಲದಲ್ಲಿ ಕನ್ನಡದ ಓದು ಸುಲಭವಾಗಿ ದಕ್ಕಿದ್ದಲ್ಲ. ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗಿಸಿ ಒಳಗೆ ಕನ್ನಡ ಕಲಿಸಿದ ಸಂಗತಿ ಇಲ್ಲಿ ಮನೆಮಾತು. ಅಷ್ಟು ಕಷ್ಟದಿಂದ ಬಂದ ವಿದ್ಯೆ ಕೈತಪ್ಪೀತೆಂಬ ಅಂಜಿಕೆ ತಲೆಮಾರಿನಿಂದ ತಲೆಮಾರಿಗೆ ಇಳಿದಿದೆ. ಔರಾದ ತಾಲ್ಲೂಕಿನ ರೈತ ತೊಗರಿ, ಸೋಯಾ ಮಾರಿದ ಹಣದಿಂದ ಮಗನನ್ನು ಬೀದರದ ಹಾಸ್ಟೆಲಿಗೆ ಸೇರಿಸುವಾಗ ಆ ಅಂಜಿಕೆಯೂ ಜೊತೆಯಲ್ಲೇ ಹೋಗುತ್ತದೆ. ಅದು ಪ್ರೀತಿಯೇ; ಆದರೆ ಮಗನಿಗೆ ಕಾಣುವುದು ಬಿಗುವು ಮಾತ್ರ.

ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿಯೋ ಮರಾಠಿ, ಉರ್ದುವಿನಲ್ಲಿಯೋ ಓದಿದ ಹುಡುಗ ಪಿಯುಸಿ ವಿಜ್ಞಾನದಲ್ಲಿ ಒಮ್ಮೆಲೇ ಇಂಗ್ಲಿಷಿಗೆ ಎದುರಾಗುತ್ತಾನೆ. ಪಾಠ ತಿಳಿಯದು, ತಿಳಿಯದೆಂದು ಹೇಳಲು ಬಾಯಿ ಬಾರದು. ಊರಿನಿಂದ ಬರುವ ಫೋನಿನಲ್ಲಿ ‘ಮಾರ್ಕ್ಸ್ ಎಷ್ಟು?’ ಎಂಬ ಪ್ರಶ್ನೆಯೊಂದೇ ಇದ್ದರೆ ಅವನು ಸುಳ್ಳು ಹೇಳುವುದನ್ನು ಕಲಿಯುತ್ತಾನೆ, ಇಲ್ಲವೇ ಮೌನವನ್ನು. ಹುಡುಗಿಯ ಮೌನವಂತೂ ನಮಗೆ ಸದ್ಗುಣವಾಗಿಯೇ ತೋರುತ್ತದೆ. ಓದು ನಿಲ್ಲಿಸಿ ಮದುವೆಯ ಮಾತೆತ್ತುವಾಗ ಆ ಮೌನವನ್ನೇ ಒಪ್ಪಿಗೆಯೆಂದು ಎಣಿಸುತ್ತೇವೆ. ಸೋಲನ್ನೂ ಒಲ್ಲೆನೆಂಬುದನ್ನೂ ಮನೆಯಲ್ಲಿ ಆಡಲಾಗದ ಮಕ್ಕಳು ಅವನ್ನು ಒಬ್ಬಂಟಿಯಾಗಿ ಹೊರಬೇಕಾಗುತ್ತದೆ. ಆ ಭಾರ ಜೀವಕ್ಕೇ ಎರವಾಗುವುದೂ ಉಂಟು.

ಹಾಗೆಂದು ಕಟ್ಟುಪಾಡನ್ನೆಲ್ಲ ಸಡಿಲಿಸಬೇಕಾಗಿಲ್ಲ. ಕೈಗೆ ಮೊಬೈಲು ಕೊಟ್ಟು ಕಣ್ಣು ಮುಚ್ಚಿಕೊಳ್ಳುವುದು ಉಪೇಕ್ಷೆಯಾಗುತ್ತದೆ. ಮನೆಗೆ ಬರುವ ಹೊತ್ತು, ಓದುವ ಹೊತ್ತು, ಖರ್ಚಿನ ಮಿತಿ ಇವೆಲ್ಲ ಇರಲಿ; ಏಕೆಂಬುದನ್ನೂ ಹೇಳೋಣ. ಯಾವ ವಿಷಯ ಓದಬೇಕೆಂಬ ತೀರ್ಮಾನದಲ್ಲಿ ಓದುವವರ ಮಾತಿಗೆ ಮೊದಲ ಸ್ಥಾನವಿರಲಿ. ಅಂಕ ಕಡಮೆಯಾದ ದಿನ ‘ಏನಾಗ್ಯಾದಪ್ಪಾ?’ ಎಂದು ಕೇಳಿ, ಉತ್ತರ ಬರುವವರೆಗೆ ಸುಮ್ಮನೆ ಕುಳಿತಿರುವ ತಾಳ್ಮೆ ತಂದೆಗಿರಲಿ. ಅಂಥ ಮನೆಯ ಮಕ್ಕಳು ಕಷ್ಟ ಬಂದಾಗ ಮೊದಲು ಮನೆಗೇ ಬರುತ್ತಾರೆ.