ಕರುಣರಸದ ರುಚಿ



೨೦೧೫ರಲ್ಲಿ ಲಂಡನ್ನಿನ ಟೇಟ್ ಬ್ರಿಟನ್ ಚಿತ್ರಶಾಲೆಯವರು ಚಿತ್ರದ ರುಚಿ ನೋಡಲು ಜನರನ್ನು ಕರೆದರು. ಫ್ರಾನ್ಸಿಸ್ ಬೇಕನ್ನನ ಚಿತ್ರವೊಂದನ್ನು ನೋಡುವವರಿಗೆ, ಅದಕ್ಕೆಂದೇ ಇದ್ದಲು, ಉಪ್ಪು, ಹೊಗೆವಾಸನೆಯ ಚಹಾ ಬೆರೆಸಿ ಮಾಡಿಸಿದ ಚಾಕೊಲೇಟನ್ನು ತಿನ್ನಲಿತ್ತರು. ಓದಿ ನಾವು ನಕ್ಕೆವು. ಗೋಡೆಯ ಚಿತ್ರಕ್ಕೆ ನಾಲಗೆ ಚಾಚುವ ಕಾಲವೂ ಬಂದಿತೆ!

ಆದರೆ ನಗುವ ಅಧಿಕಾರ ಕನ್ನಡ ಪಂಡಿತರಿಗುಂಟೆ? ರಸ, ಆಸ್ವಾದ, ಚರ್ವಣೆ ಎಂದು ತರಗತಿಯಲ್ಲಿ ನಾವಾಡುವುದೆಲ್ಲ ಊಟದ ಮಾತೇ. ಭರತಮುನಿಯು ನಾಟ್ಯಶಾಸ್ತ್ರದ ೬ನೆಯ ಅಧ್ಯಾಯದಲ್ಲಿ ರಸವನ್ನು ತಿಳಿಸಲು, ಬಗೆಬಗೆಯ ವ್ಯಂಜನಗಳೊಡನೆ ಅನ್ನವನ್ನು ಸವಿಯುವವರನ್ನೇ ಮುಂದಿಟ್ಟನು. ಈ ಪಾಠ ಹೇಳುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗನೊಬ್ಬನು, “ಹಾಗಾದರೆ ಕರುಣರಸದ ರುಚಿ ಯಾವುದು, ಸಾರ್?” ಎಂದನು. ವಿದ್ವತ್ ಪದವಿ ಒಡನೆ ನೆರವಿಗೆ ಬರಲಿಲ್ಲ.

ಮರುದಿನ ಅವನಿಗೆ ಅಮೆರಿಕದ ಒಂದು ಕಲಾಕೃತಿಯ ವಿಚಾರ ಹೇಳಿದೆವು. ಫೆಲಿಕ್ಸ್ ಗೊನ್ಜಾಲೆಸ್ ಟೊರೆಸ್ ಎಂಬ ಕಲಾವಿದನ ಸಂಗಾತಿ ರಾಸ್ ೧೯೯೧ರಲ್ಲಿ ಏಡ್ಸ್ ರೋಗದಿಂದ ತೀರಿಕೊಂಡನು. ಅದೇ ವರ್ಷ ಕಲಾವಿದನು ಅವನ ಭಾವಚಿತ್ರವನ್ನು ರಚಿಸಿದನು. ಅದರಲ್ಲಿ ಮುಖವಿಲ್ಲ, ಬಣ್ಣದ ಗೆರೆಯಿಲ್ಲ. ಮೂಲೆಯಲ್ಲಿ ಸುರಿದ, ಹೊಳೆಯುವ ಕಾಗದ ಸುತ್ತಿದ ಮಿಠಾಯಿಯ ರಾಶಿ. ಅದರ ತೂಕ ೧೭೫ ಪೌಂಡು, ಸುಮಾರು ೭೯ ಕಿಲೋ. ಆರೋಗ್ಯವಂತನಾದ ರಾಸ್‌ನ ತೂಕವದು ಎನ್ನುತ್ತಾರೆ. ನೋಡಬಂದವರು ಒಂದೊಂದನ್ನು ತೆಗೆದು ಬಾಯಿಗೆ ಹಾಕಿಕೊಳ್ಳಬಹುದು. ರೋಗಿಯ ಮೈಯಂತೆ ರಾಶಿ ಕರಗುತ್ತದೆ. ಮತ್ತೆ ಮಿಠಾಯಿ ಸುರಿದು ತುಂಬಲೂಬಹುದು. ಕಲಾವಿದನೂ ೧೯೯೬ರಲ್ಲಿ ಅದೇ ರೋಗಕ್ಕೆ ತುತ್ತಾದನು.

ಹುಡುಗನು ಬಹಳ ಹೊತ್ತು ಸುಮ್ಮನಿದ್ದನು. ಬಳಿಕ ಮೆಲ್ಲಗೆ, “ಸಿಹಿಯೇ, ಸಾರ್?” ಎಂದು ಕೇಳಿದನು.