ಪಟ್ಟದ ವ್ಯಾಜ್ಯವೂ ರೂಢಿಯ ಸಾಕ್ಷ್ಯವೂ



ಕುಲದ ಪಟ್ಟವು ಯಾರಿಗೆ ಸಲ್ಲಬೇಕೆಂಬ ವಿವಾದವು ನ್ಯಾಯಾಲಯದ ಮೆಟ್ಟಿಲನ್ನೇರಿದಾಗ, ವಾದಿ ಪ್ರತಿವಾದಿಗಳು ಸಲ್ಲಿಸುವ ವಂಶಾವಳಿಗಳ ಹಿಂದೆ ಅವುಗಳಿಗಿಂತ ಗಹನವಾದ ಪ್ರಶ್ನೆಯೊಂದು ಅಡಗಿರುತ್ತದೆ: ಆ ಕುಲದ ರೂಢಿ ಇಂಥದೆಂದು ಹೇಳುವ ಅಧಿಕಾರ ಯಾರದು? ಆಫ್ರಿಕ ಖಂಡದ ಎರಡು ವ್ಯಾಜ್ಯಗಳ ಮುಖೇನ ಈ ಪ್ರಶ್ನೆಯನ್ನು ತಮ್ಮ ಪರಾಮರ್ಶೆಗೆ ಒಪ್ಪಿಸುತ್ತೇನೆ.

ಲಾಗೋಸಿನ ಪಾರಂಪರಿಕ ಅರಸನಾದ ಎಶುಗ್ಬಾಯಿ ಎಲೆಕೊ ತನ್ನ ಅಧಿಕಾರದಂಡವನ್ನು ಹರ್ಬರ್ಟ್ ಮೆಕಾಲೆಯೆಂಬ ಮುಖಂಡನ ಕೈಯಲ್ಲಿ 1920ರಲ್ಲಿ ಲಂಡನ್ನಿಗೆ ಕಳುಹಿಸಿದ್ದೂ, ಅಲ್ಲಿ ಆತನಾಡಿದ ಮಾತುಗಳು ತನ್ನವಲ್ಲವೆಂದು ಸರ್ಕಾರ ಬಯಸಿದಂತೆ ಸಾರಿಸದೆ ಹೋದದ್ದೂ ವಸಾಹತು ಅಧಿಕಾರಿಗಳ ಕೋಪಕ್ಕೆ ನಿಮಿತ್ತವಾಗಿ, 1925ರಲ್ಲಿ ಅರಸನನ್ನು ಪದಚ್ಯುತಗೊಳಿಸಿ ಓಯೋ ಪಟ್ಟಣಕ್ಕೆ ಗಡೀಪಾರು ಮಾಡಲಾಯಿತು. ಆತನು ಹೇಬಿಯಸ್ ಕಾರ್ಪಸ್ ಅರ್ಜಿ ಹಿಡಿದು ಎರಡು ಬಾರಿ ಪ್ರಿವಿ ಕೌನ್ಸಿಲಿನವರೆಗೂ ಹೋದನು. ಆತನು ನಿಜಕ್ಕೂ ಅರಸನಾಗಿದ್ದನೆ, ಪದಚ್ಯುತಿ ಕ್ರಮಬದ್ಧವೆ, ಪಟ್ಟವಿಳಿದವನು ಊರು ಬಿಡಬೇಕೆಂಬ ರೂಢಿ ಅಲ್ಲಿ ಉಂಟೆ ಎಂಬುದನ್ನೆಲ್ಲ ಗವರ್ನರನ ಆಜ್ಞೆಯ ಬಲದಿಂದಲ್ಲ, ಸಾಕ್ಷ್ಯದ ಬಲದಿಂದ ನ್ಯಾಯಾಲಯವೇ ನಿರ್ಣಯಿಸಬೇಕೆಂದು 1931ರಲ್ಲಿ ಲಾರ್ಡ್ ಆಟ್ಕಿನ್ ತೀರ್ಪಿತ್ತರು. ಆ ವರ್ಷವೇ ಊರಿಗೆ ಮರಳಿದ ಎಲೆಕೊ ಮರುವರ್ಷ ತೀರಿಕೊಂಡನು; ಗೆದ್ದ ವ್ಯಾಜ್ಯದ ಫಲವನ್ನು ಉಣ್ಣುವ ಯೋಗ ಕಕ್ಷಿದಾರನಿಗೆ ದೊರೆಯುವುದು ಅಪೂರ್ವವಷ್ಟೆ.

ಈ ತೀರ್ಪಿನಲ್ಲಿ ಇನ್ನೊಂದು ಅಂಶವೂ ಇದೆ. ರೂಢಿಗೆ ಪ್ರಾಮಾಣ್ಯ ಬರುವುದು ಜನಸಮ್ಮತಿಯಿಂದ. ನ್ಯಾಯಾಲಯವು ಅದನ್ನು ಅಂಗೀಕರಿಸಬಹುದು ಇಲ್ಲವೆ ತಿರಸ್ಕರಿಸಬಹುದು, ತಿದ್ದಿ ಮೃದುಗೊಳಿಸಲಾಗದು. ಸಿದ್ಧಪಟ್ಟ ಆಚಾರವು ಶಾಸ್ತ್ರವಚನವನ್ನೂ ಮೀರುತ್ತದೆಂದು ರಾಮನಾಥಪುರದ ದತ್ತಕ ವ್ಯಾಜ್ಯದಲ್ಲಿ 1868ರಲ್ಲಿ ಇದೇ ಕೌನ್ಸಿಲು ಹೇಳಿದ್ದು ಹಿಂದೂ ಕಾನೂನನ್ನು ಓದಿದವರಿಗೆ ಬಾಯಿಪಾಠವಾದ ಸಂಗತಿ. ಆದರೆ ಸಾಕ್ಷ್ಯವೆಂಬುದು ಯಾವಾಗಲೂ ಹಿಂದಿನದು. ಮುದುಕರ ಸ್ಮರಣೆಯೂ ಅಧಿಕಾರಿಗಳ ಕಡತವೂ ನೆನ್ನೆ ನಡೆದುದನ್ನು ಹೇಳಬಲ್ಲವು; ಜನರು ಇಂದು ಮನಸ್ಸು ಬದಲಿಸಿದ್ದರೆ ಅದಕ್ಕೆ ಸಾಕ್ಷಿ ಎಲ್ಲಿಂದ ಬರಬೇಕು?

ದಕ್ಷಿಣ ಆಫ್ರಿಕದ ಲಿಂಪೊಪೊ ಪ್ರಾಂತದ ವಲೋಯಿ ಸಮುದಾಯದಲ್ಲಿ ಈ ತೊಡಕು ಎದ್ದುನಿಂತಿತು. 1968ರಲ್ಲಿ ಅಲ್ಲಿನ ಹೋಸಿ, ಎಂದರೆ ಕುಲದ ಒಡೆಯ, ಫೊಫೊಜಾ ನ್ವಾಮಿತ್ವಾ ಗಂಡುಸಂತಾನವಿಲ್ಲದೆ ತೀರಿಕೊಂಡಾಗ, ಹಿರಿಯ ಮಗಳು ಫಿಲಿಯಾ ಶಿಲುಬಾನರು ಹೆಣ್ಣೆಂಬ ಕಾರಣದಿಂದ ಪಟ್ಟವು ಫೊಫೊಜಾನ ತಮ್ಮನಾದ ರಿಚರ್ಡನಿಗೆ ಸಂದಿತು. ಸಮಾನತೆಯನ್ನು ಸಾರಿದ ಸಂವಿಧಾನದ ಬೆಳಕಿನಲ್ಲಿ ರಾಜಕುಟುಂಬವು 1996ರಲ್ಲಿ ಸಭೆ ಸೇರಿ, ಪಟ್ಟವನ್ನು ಶಿಲುಬಾನರಿಗೆ ಹಿಂದಿರುಗಿಸಲು ನಿರ್ಣಯಿಸಿತು. ರಿಚರ್ಡನು ಮೊದಲು ಒಪ್ಪಿ, ಆಮೇಲೆ ಹಿಂಜರಿದು, 2001ರಲ್ಲಿ ನಿಧನನಾದನು. ಆತನ ಮಗ ಸಿಡ್ವೆಲ್ ವ್ಯಾಜ್ಯ ಹೂಡಿ, ಮರುವರ್ಷ ಪಟ್ಟಾಭಿಷೇಕಕ್ಕೆ ತಡೆಯಾಜ್ಞೆ ತಂದನು. ಹೈಕೋರ್ಟೂ ಮೇಲ್ಮನವಿಯ ಸರ್ವೋಚ್ಚ ನ್ಯಾಯಾಲಯವೂ ಆತನ ಪಕ್ಷವನ್ನೇ ಎತ್ತಿಹಿಡಿದವು. ಸಂವಿಧಾನ ನ್ಯಾಯಾಲಯ ಮಾತ್ರ 2008ರಲ್ಲಿ ಸರ್ವಾನುಮತದಿಂದ ಅವೆರಡನ್ನೂ ತಳ್ಳಿಹಾಕಿ, ಹಿಂದಿನ ವಾಡಿಕೆಯೊಂದೇ ಪ್ರಮಾಣವಲ್ಲ, ತನ್ನ ಕಟ್ಟಳೆಯನ್ನು ತಾನೇ ಬೆಳೆಸುವ ಹಕ್ಕು ಸಮುದಾಯಕ್ಕುಂಟು ಎಂದಿತು.

ನನಗೆ ಈ ತೀರ್ಪು ಸಮಂಜಸವಾಗಿಯೇ ಕಾಣುತ್ತದೆ. ಲಾಗೋಸಿನ ಪ್ರಕರಣದಲ್ಲಿ ಹೇಳಿದ ಜನಸಮ್ಮತಿಯ ತತ್ತ್ವಕ್ಕೆ ಇಲ್ಲಿ ವರ್ತಮಾನವೂ ಸೇರಿತು. ಆದರೂ ಸಂಶಯವೊಂದು ಉಳಿಯುತ್ತದೆ: ರಾಜಕುಟುಂಬದ ನಿರ್ಣಯವೇ ಸಮುದಾಯದ ನಿರ್ಣಯವೆ? ಸಿಂಹಾಸನಕ್ಕೆ ಸಮೀಪದಲ್ಲಿರುವವರು ಕೂಡಿ ಮಾಡಿದ ತೀರ್ಮಾನಕ್ಕೂ ಉತ್ತು ಬಿತ್ತುವ ಒಕ್ಕಲಿನ ಒಪ್ಪಿಗೆಗೂ ಇರುವ ಅಂತರವನ್ನು ಅಳೆಯುವ ವಿಧಾನ ಯಾವುದು? ಶಿಲುಬಾನರ ಅನಂತರ ಪಟ್ಟವು ಅವರ ಸಂತತಿಗೊ, ರಿಚರ್ಡನ ಶಾಖೆಗೊ ಎಂಬ ವಿವಾದವು ಒಂದುವೇಳೆ ಎದ್ದರೆ, ನ್ಯಾಯಾಧೀಶರು ಮೊದಲು ಯಾರನ್ನು ಸಾಕ್ಷಿಕಟ್ಟೆಗೆ ಕರೆಯಬೇಕು? ಅಪರಾಹ್ಣದ ಗೋಷ್ಠಿಯು ಇಲ್ಲಿಂದಲೇ ಚರ್ಚೆಯನ್ನು ಆರಂಭಿಸಲೆಂದು ಪ್ರಾರ್ಥಿಸುತ್ತೇನೆ.